ರೋಮಿನ ಹಾಳೂರಿಗೆ ಚರಗ

ನಮ್ಮ ಮನೆಯವರು ಒಂದು ಊರಿಗೆ ಸುಮ್ಮನೆ ಹೋಗಿ ಸುಮ್ಮನೆ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಗಳಗನಾಥಕ್ಕೆ ಹೊಳೆಸ್ನಾನಕ್ಕೆ ಹೋದವರು ಗುರುತಿಲ್ಲದವರ ಮದುವೆಯಲ್ಲಿ ಅಕ್ಷತೆ ಹಾಕಿ, ಉಂಡು ಬರುತ್ತಾರೆ. ರಾಣೆಬೆನ್ನೂರಿಗೆ ಸೀರೆ ತರಲು ಹೋದವರು ತೀರಿಕೊಂಡ ಯಾರದೋ ಮಣ್ಣಿಗೆ ಹೋಗಿ, ಅತ್ತು, ಸೀರೆ ಇಲ್ಲದೆ ಬರುತ್ತಾರೆ. ಇಂಥವರು ಇಟಲಿಗೆ ಹೋದರೆ ಏನಾಗಬೇಕೋ ಅದೇ ಆಯಿತು.

ನಾನು ಹಾವೇರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡುವುದು ನನ್ನ ಕೆಲಸ. ನಂಬುವುದು ಬಿಡುವುದು ಸಾಹೇಬರ ಕೆಲಸ. ಇಲ್ಲೂ ಅಷ್ಟೇ ಮಾಡುತ್ತೇನೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಸಾಕ್ಷಿಯೂ ನಾನೇ, ಮೈಮೇಲೆ ಮುಳ್ಳೆದ್ದದ್ದೂ ನನಗೇ.

ಹೋದವರು ಐದು ಜನ. ನಾನು, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿರುವ ನನ್ನ ಯಜಮಾನರು, ಕರ್ಜಗಿಯ ಹೊಲ ಬಿಟ್ಟು ಹೆಚ್ಚು ದೂರ ಹೋಗದ ನನ್ನ ಅತ್ತೆ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ನಾದಿನಿ, ಮತ್ತೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಬೀಗರು, ಅಂದರೆ ನನ್ನ ಮಗಳ ಮಾವ. ಟೂರಿಗೆ ಎಲ್ಲರ ಹೆಸರು ಹಚ್ಚಿಸಿದವರು ಬೀಗರೇ. ಹೆಣ್ಣು ಕೊಟ್ಟವರಿಗೆ ಬೀಗರ ಮುಂದೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಹೊಲದಲ್ಲಿ ಹೇಳಿ ಬಂದದ್ದು

ದಸರಾ ರಜೆ ಸಿಕ್ಕಿತೆಂದು ಯಜಮಾನರು ಖುಷಿಯಿಂದ ಒಪ್ಪಿದರು. ಹಬ್ಬ ಹುಣ್ಣಿಮೆ ಯಾವಾಗ ಎಂದು ನೋಡಲಿಲ್ಲ. ಟಿಕೆಟ್ ಬಂದ ಮೇಲೆ ಅತ್ತೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಸೀಗಿ ಹುಣ್ಣಿಮೆಯ ಮೇಲೆ ಬೆರಳಿಟ್ಟು, "ಈ ದಿನಾ ನಾವು ಎಲ್ಲಿರ್ತೀವಿ?" ಎಂದು ಕೇಳಿದರು. ಯಜಮಾನರು ಬೆರಳು ಮಡಚಿ ಲೆಕ್ಕ ಹಾಕಿದರು. ಮುಖ ಸಣ್ಣದಾಯಿತು.

"ರೋಮಿನ್ಯಾಗ ಯವ್ವಾ."

ನಮ್ಮ ಕಡೆ ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದೆ ಚೆಲ್ಲುತ್ತ ಹೋಗುವವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲ್ಲಂಬರಿಗೋ" ಎಂದು ಓಗೊಡಬೇಕು. ಮುಂದಿನವರು ತಿರುಗಿ ನೋಡಬಾರದು. ಆ ಮಾತುಗಳ ಅರ್ಥ ಏನೆಂದು ಕೇಳಿದರೆ ನಮ್ಮ ಊರಿನಲ್ಲಿ ಎಲ್ಲರೂ ಒಂದು ಥರ ನೋಡುತ್ತಾರೆ. ಮಾವ ಇರುವ ತನಕ ಅತ್ತೆ ಮುಂದೆ, ಮಾವ ತಂಬಿಗೆ ಹಿಡಿದು ಹಿಂದೆ. ಅವರು ತೀರಿಕೊಂಡ ಮೇಲೆ ತಂಬಿಗೆ ಯಜಮಾನರ ಕೈಗೆ ಬಂತು.

"ಲಾವಣಿ ಮಾಡಿದವರು ಚೆಲ್ಲತಾರ ಬಿಡವಾ," ಎಂದು ಹೊಲವನ್ನು ಗೇಣಿಗೆ ಕೊಟ್ಟ ಯಜಮಾನರು ಸಮಾಧಾನ ಮಾಡಲು ನೋಡಿದರು.

"ಹೊಲಕ್ಕ ಅವರು ಚೆಲ್ಲಲಿ. ನಿಮ್ಮಪ್ಪಗ ಯಾರು ಚೆಲ್ಲತಾರ? ವರ್ಷಾ ಆ ದಿನಾ ಉಣ್ಣಾಕ ಬರ್ತಾರ. ನಾ ಕಾಣಲಿಲ್ಲಂದ್ರ ಉಪಾಸ ತಿರುಗಿ ಹೋಗ್ತಾರ," ಎಂದರು ಅತ್ತೆ. ಅವರ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಸಂಕಟವಾಯಿತು. ಟೂರು ಬೇಡವೆಂದರೆ ಬೀಗರು ಬೇಸರ ಮಾಡಿಕೊಳ್ಳುತ್ತಾರೆ, ಹೋದರೆ ಮಾವ ಉಪವಾಸ.

ದಾರಿ ಹುಡುಕಿದವರೂ ಅತ್ತೆಯೇ. ಹುಣ್ಣಿಮೆಯ ದಿನ ಏನೇನು ತೋರಿಸುತ್ತಾರೆ ಎಂದು ಮಗನ ಬಾಯಿಂದ ಕೇಳಿ ತಿಳಿದುಕೊಂಡರು. ಹೊರಡುವ ಹಿಂದಿನ ಸಂಜೆ ನಮ್ಮನ್ನು ಆಟೋ ಹತ್ತಿಸಿ ಕರ್ಜಗಿಯ ಹೊಲಕ್ಕೆ ಕರೆದೊಯ್ದರು. ಬದುವಿನ ಬನ್ನಿಗಿಡದ ಹತ್ತಿರ ನಿಂತು, ಸೆರಗು ಹೊದ್ದು, ಪಕ್ಕದ ಮನೆಯವರ ಜೊತೆ ಮಾತಾಡುವಷ್ಟು ದೊಡ್ಡದಾಗಿ ಹೇಳಿದರು: "ಇಲ್ಲೆ ಕೇಳ್ರಿ. ಹುಣ್ಣಿವಿಗೆ ನಾವು ಊರಾಗ ಇರಂಗಿಲ್ಲ. ಇಟಲಿಗೆ ಹೊಂಟೇವಿ. ಅಲ್ಲೆ ಸಮುದ್ರದ ಬಾಜೂಕ ಒಂದು ಹಾಳೂರು ಐತಂತ, ರೋಮಿನವರದು. ಮಧ್ಯಾಹ್ನದ ಮ್ಯಾಲೆ ಅಲ್ಲಿರ್ತೀವಿ. ಅಲ್ಲಿಗೇ ಬಂದುಬಿಡ್ರಿ. ತಡಾ ಮಾಡಬ್ಯಾಡ್ರಿ, ಬಸ್ಸು ಕಾಯಂಗಿಲ್ಲಂತ."

ಗಾಳಿ ಇರಲಿಲ್ಲ. ಆದರೂ ಒಣಗಿದ ಗೋವಿನಜೋಳದ ಒಂದೇ ಒಂದು ಸಾಲು ಈ ತುದಿಯಿಂದ ಆ ತುದಿಯ ತನಕ ಸರಸರ ಅಂದು ಸುಮ್ಮನಾಯಿತು. ಹಂದಿ ಇರಬೇಕು ಅಂದುಕೊಂಡೆ. ಯಜಮಾನರು ಅಷ್ಟರಲ್ಲಿ ಆಟೋದಲ್ಲಿ ಕೂತಾಗಿತ್ತು.

ವಾಪಸ್ ಬರುವಾಗ ಅತ್ತೆ ಆಟೋದಲ್ಲಿ ನನ್ನ ಪಕ್ಕಕ್ಕೆ ಸರಿದು ಕೂತರು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದರು: "ವೀಸಾಕ್ಕಂತ ನಮ್ಮನ್ನ ಕರಸಿ ಬಟ್ಟು ಒತ್ತಿಸ್ಕೊಂಡ್ರಲ್ಲ, ನಿಮ್ಮ ಮಾವಾರಿಗೆ ಅದೆಲ್ಲಾ ಬೇಕಾಗಂಗಿಲ್ಲ, ಹೌದಲ್ಲೋ?"

ಹಿಂದೆಯೇ ಬಂದ ನಿಂಬೆಹಣ್ಣು

ಹುಣ್ಣಿಮೆಯ ದಿನ ಮಧ್ಯಾಹ್ನ ಊಟ ಮುಗಿಸಿ, ಅತ್ತೆ ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನೂ ಹಿಡಿದು ಆ ಹಾಳೂರಿಗೆ ಹೋದೆವು. ಗೈಡು ಅಲ್ಲಿಯವರೇ, ನಡುವಯಸ್ಸಿನ ಹೆಂಗಸು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ಟೂರಿನ ಉಳಿದವರು ಲಗುಬಗೆಯಿಂದ ಮುಂದೆ ಹೋದರು. ಅತ್ತೆಯ ನಡಿಗೆಗೆ ಹೊಂದಿಕೊಂಡು ನಾವು ಹಿಂದೆ ಉಳಿದೆವು, ನಮ್ಮ ಜೊತೆ ಗೈಡಮ್ಮನೂ ಉಳಿದರು.

ಊರಿಗೆ ಹೋಗುವ ಕಲ್ಲುಹಾಸಿನ ದಾರಿಯ ಎರಡೂ ಮಗ್ಗುಲಿಗೆ ಸಣ್ಣ ಸಣ್ಣ ಕಟ್ಟಡಗಳಿದ್ದವು. ಬಾಗಿಲುಗಳು ತಗ್ಗು, ಒಳಗೆ ಗೂಡು ಗೂಡು. ಇವು ಅಂಗಡಿಗಳೇನೋ ಎಂದು ನಾದಿನಿ ಒಂದರ ಒಳಗೆ ಇಣುಕುತ್ತಿದ್ದಳು. ಅಷ್ಟರಲ್ಲಿ ಗೈಡಮ್ಮ, ಇವೆಲ್ಲ ಗೋರಿಗಳು, ಆ ಗೂಡುಗಳಲ್ಲಿ ಬೂದಿಯ ಗಡಿಗೆ ಇಡುತ್ತಿದ್ದರು, ಊರಿಗೆ ಬಂದು ಹೋಗುವವರು ಸತ್ತವರನ್ನು ಮರೆಯಬಾರದೆಂದು ದಾರಿಯ ಬದಿಗೇ ಕಟ್ಟುತ್ತಿದ್ದರು ಎಂದರು. ನಾನು ಕನ್ನಡ ಮಾಡಿದೆ. ನಾದಿನಿ ಇಣುಕಿದ ಕತ್ತನ್ನು ಹೊರಗೆ ತೆಗೆದ ವೇಗಕ್ಕೆ ಜಡೆ ಗೋಡೆಗೆ ಬಡಿಯಿತು.

"ವೈನಿ, ಇವರ ಊರಿಗೆ ಬರಬೇಕಂದ್ರ ಸುಡಗಾಡ ದಾಟೇ ಬರಬೇಕೇನು?" ಎಂದಳು. ಅವಳ ಕೈ ಹಿಡಿದೆ, ಮಂಜುಗಡ್ಡೆ.

ನಾದಿನಿ ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ನಿಂಬೆಹಣ್ಣು ಇರುತ್ತದೆ. ಇದು ರಾಣೆಬೆನ್ನೂರಿನಿಂದಲೇ ಬಂದದ್ದು. ಊರೊಳಗೆ ಮೂರು ದಾರಿ ಕೂಡುವ ಜಾಗ ಸಿಕ್ಕಿದ ಕೂಡಲೇ ಅವಳು ಅದನ್ನು ತೆಗೆದು ಅತ್ತೆಗೆ ನಿವಾಳಿಸಿದಳು, ನಮಗೂ ನಿವಾಳಿಸಿದಳು. ಹೆಗಲ ಮೇಲಿಂದ ಹಿಂದಕ್ಕೆ ಒಗೆದು, "ಯಾರೂ ಹೊಳ್ಳಿ ನೋಡಬ್ಯಾಡ್ರಿ, ನಡ್ರಿ," ಎಂದು ದರದರ ನಡೆದಳು. ನಾವು ಬೆನ್ನು ಹತ್ತಿದೆವು.

ಹಿಂದೆ ಬೂಟುಗಳ ಸಪ್ಪಳ ಕೇಳಿಸಿತು. ಖಾಲಿ ಊರು, ಕಲ್ಲಿನ ಓಣಿ, ಟಕ್ ಟಕ್ ಟಕ್. ನಾವು ಜೋರಾಗಿ ನಡೆದರೆ ಅದೂ ಜೋರಾಯಿತು. ಹೊಳ್ಳಿ ನೋಡುವ ಹಾಗಿಲ್ಲ. ನಾದಿನಿಯ ಹೆಗಲ ಮೇಲೆ ಒಂದು ಕೈ ಬಿತ್ತು. ಅವಳು ಕೂಗಲಿಲ್ಲ, ಕೂಗಲು ಉಸಿರೇ ಇರಲಿಲ್ಲ. ಬಿಳಿ ಗಡ್ಡದ ವಿದೇಶಿ ಮುದುಕರೊಬ್ಬರು ಏದುಸಿರು ಬಿಡುತ್ತ, ನಗುತ್ತ, ನಿಂಬೆಹಣ್ಣನ್ನು ಅವಳ ಅಂಗೈಯಲ್ಲಿಟ್ಟು, ನಿಮ್ಮದು ಬಿದ್ದಿತ್ತು ಎಂದರು.

ಇನ್ನೊಂದು ಓಣಿ ಕೂಡುವಲ್ಲಿ ಅವಳು ಮತ್ತೆ ಒಗೆದಳು. ಈ ಸಲ ಕಾವಲುಗಾರ್ತಿ ತಂದುಕೊಟ್ಟಳು, ಇಲ್ಲಿ ಕಸ ಎಸೆಯಬಾರದು ಎಂಬ ಬುದ್ಧಿಮಾತಿನ ಜೊತೆಗೆ. ನಾದಿನಿಗೆ ಅಳು ಬಂತು. "ಇದು ನನ್ನ ಬಿಡವಲ್ಲದು, ವೈನಿ," ಎಂದಳು. ಅದನ್ನು ಒಂದು ಕಟ್ಟೆಯ ಮೇಲಿಟ್ಟು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡಳು.

ಕಣ್ಣು ಒರೆಸಿ ನೋಡುವಷ್ಟರಲ್ಲಿ ಬೀಗರು ಅದನ್ನು ಕಚ್ಚಿ ನೀರಿನ ಬಾಟಲಿಗೆ ಹಿಂಡಿ ಗಟಗಟ ಕುಡಿದಿದ್ದರು. "ಭಾಳ ಉಪಕಾರ ಆತವಾ ತಂಗಿ, ಬಾಯಿ ಒಣಗಿ ಹೋಗಿತ್ತು," ಎಂದು ಮೀಸೆ ಒರೆಸಿಕೊಂಡರು. ನಮ್ಮ ಐದೂ ಜನರ ದೃಷ್ಟಿ ಬೀಗರ ಹೊಟ್ಟೆ ಸೇರಿತು. ಅವರಿಗೆ ಏನಾಗುತ್ತದೋ ಎಂದು ನಾದಿನಿ ಅವರನ್ನೇ ನೋಡುತ್ತ ಹಿಂದೆ ಹಿಂದೆ ನಡೆದಳು. ಬೀಗರು ನನ್ನನ್ನು ಪಕ್ಕಕ್ಕೆ ಕರೆದು, "ಬೀಗತೇರ, ನಿಮ್ಮ ನಾದಿನಿಗೆ ನನ್ನ ಮ್ಯಾಲೆ ಏನರ ಸಿಟ್ಟೈತೇನ್ರಿ?" ಎಂದು ಕೇಳಿದರು.

ಒಳಗ ಬರ್ರಿ

ಆ ಊರಿನ ಮನೆಗಳಿಗೆ ಮಾಡು ಇಲ್ಲ, ಗೋಡೆಗಳಿವೆ, ಹೊಸ್ತಿಲುಗಳಿವೆ. ಹೊಸ್ತಿಲು ಎಂದ ಮೇಲೆ ಅತ್ತೆ ಅದನ್ನು ಸುಮ್ಮನೆ ದಾಟುವವರಲ್ಲ. ಕರ್ಜಗಿಯಲ್ಲಿ ತಂಗಿಯ ಮನೆಗೆ ಹೋದರೂ ಬಾಗಿಲಲ್ಲಿ ನಿಂತು, "ಅದೀರೇನ್ರೀ ಮನ್ಯಾಗ?" ಎಂದು ಕೇಳಿ, ಒಳಗಿನವರು ಬರ್ರಿ ಎಂದ ಮೇಲೇ ಕಾಲಿಡುತ್ತಾರೆ. ಇಲ್ಲೂ ಮನೆ ಮನೆಯ ಮುಂದೆ ನಿಂತು ಕೇಳತೊಡಗಿದರು. ಉತ್ತರ ಬಾರದ್ದರಿಂದ ಒಂದೂ ಮನೆಯೊಳಗೆ ಹೋಗಲಿಲ್ಲ.

"ಅವ್ವಾ, ಈ ಮನ್ಯಾಗ ಯಾರೂ ಇಲ್ಲ. ಸಾವಿರಾರು ವರ್ಷ ಆತು," ಎಂದು ಯಜಮಾನರು ತಲೆ ಚಚ್ಚಿಕೊಂಡರು.

"ಇಲ್ಲಂತ ನಿನಗ ಹೆಂಗ ಗೊತ್ತು? ನೀ ಕೇಳಿದಿಯೇನು?"

ಒಂದು ದೊಡ್ಡ ಮನೆ ಬಂತು. ಆ ಮನೆಗೆ ಮಾತ್ರ ಒಂದು ಕೋಣೆಯ ಮಾಡು ಉಳಿದಿತ್ತು. ಒಳಗೆ ಕತ್ತಲು. ನೆಲದಲ್ಲಿ ಸಣ್ಣ ಕರಿ ಬಿಳಿ ಕಲ್ಲು ಜೋಡಿಸಿ ಮೀನುಗಳ ಚಿತ್ರ ಮಾಡಿದ್ದರು. ಕತ್ತಲೆಯೊಳಗೆ ಹೋಗುವ ಕಡೆಗೆ ಆ ಮೀನುಗಳೆಲ್ಲ ಮುಖ ಮಾಡಿದ್ದವು. ಒಳಗಿನಿಂದ ಬಂದ ಗಾಳಿ ತಣ್ಣಗಿತ್ತು, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ ತೆಗೆದಾಗ ಬರುವ ವಾಸನೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅತ್ತೆ ಹೊಸ್ತಿಲಲ್ಲಿ ನಿಂತು ಕೇಳಿದರು: "ಅದೀರೇನ್ರೀ ಮನ್ಯಾಗ?"

ಒಳಗಿನಿಂದ ದಪ್ಪ ದನಿ ಬಂತು. "ಬರ್ರಿ, ಒಳಗ ಬರ್ರಿ. ಕುಂದ್ರಿ."

ನಾದಿನಿ ನನ್ನ ತೋಳಿನಲ್ಲಿ ಉಗುರು ಊರಿದಳು. ಯಜಮಾನರು ಕೋರ್ಟಿನ ಪಟ್ಟೆವಾಲನ ಹಾಗೆ ನೆಟ್ಟಗೆ ನಿಂತುಬಿಟ್ಟರು. ಆ ದನಿ ಕನ್ನಡದಲ್ಲಿ ಬಂತು ಎಂಬುದು ನನಗೆ ಮೊದಲು ಹೊಳೆಯಲೇ ಇಲ್ಲ, ಭಯಕ್ಕೆ ಭಾಷೆ ಗೊತ್ತಾಗುವುದಿಲ್ಲ. ಅತ್ತೆ ಮಾತ್ರ, ಒಬ್ಬರಾದರೂ ಓ ಅಂದರಲ್ಲ ಎಂಬ ಸಮಾಧಾನದಿಂದ ಬಲಗಾಲು ಇಟ್ಟು ಒಳಗೆ ಹೋದರು. ನಾನು ಫೋನಿನ ಬೆಳಕು ಹಚ್ಚಿದೆ. ಕಲ್ಲಿನ ಕಟ್ಟೆಯ ಮೇಲೆ ಬೂಟು ಕಳಚಿ, ಕಾಲು ಚಾಚಿ, ಬೀಗರು ಮಲಗಿದ್ದರು. ನಾದಿನಿ ಹಿಂದೆ ಹಿಂದೆ ಬರುವುದನ್ನು ತಾಳಲಾರದೆ ತಪ್ಪಿಸಿಕೊಂಡು ಬಂದಿದ್ದರಂತೆ.

ಅತ್ತೆ ಸೆರಗು ಸರಿ ಮಾಡಿಕೊಂಡು, "ಬೀಗರ, ಇದು ನಿಮ್ಮ ಮನಿ ಅಂತ ಮೊದಲ ಹೇಳಬಾರದೇನ್ರಿ? ನಿಮಗಂತ ಏನೂ ತರದ ಬಂದ್ವಲ್ಲ!" ಎಂದರು.

ಖಾರ ಕಾಣದವರು

ಮುಂದೆ ಒಂದು ಊಟದ ಅಂಗಡಿ ನೋಡಿದೆವು. ಕಲ್ಲಿನ ಕಟ್ಟೆ, ಪದಾರ್ಥ ಜೋಡಿಸಲು ಮೆಟ್ಟಿಲು ಮೆಟ್ಟಿಲಾದ ಹಲಗೆಗಲ್ಲು, ಗೋಡೆಯ ಮೇಲೆ ಹಣ್ಣಿನ ಚಿತ್ರ. ಬಾಗಿಲ ಕಲ್ಲು ಜನರ ಕಾಲಿಗೆ ಸವೆದು ತಗ್ಗಾಗಿತ್ತು. ನಮ್ಮ ಹಾವೇರಿಯ ಹಳೇ ಖಾನಾವಳಿಯ ಬಾಗಿಲೂ ಹೀಗೇ ಸವೆದಿದೆ. ಈಗಷ್ಟೇ ಎಲ್ಲರೂ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಾರೆ, ಬಂದು ನಮ್ಮನ್ನು ನೋಡಿ ಯಾರು ನೀವು ಎಂದು ಕೇಳುತ್ತಾರೆ ಎನ್ನಿಸಿ ನನಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಬೀಗರು ಕಟ್ಟೆಯ ಹಿಂದೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದಿನ ಸಾಹುಕಾರರ ಹಾಗೆ ಎರಡೂ ಕೈ ಊರಿ ನಿಂತು, ಇವರು ಯಾವ ಮೆಣಸಿನಕಾಯಿ ತರಿಸುತ್ತಿದ್ದರು ಕೇಳಿ ಎಂದರು. ಕೇಳಿದೆ. ಮೆಣಸಿನಕಾಯಿಯೇ ಇವರಿಗೆ ಗೊತ್ತಿರಲಿಲ್ಲ, ಅದು ಈ ಕಡೆ ಬಂದದ್ದು ಬಹಳ ತಡವಾಗಿ ಎಂದರು ಗೈಡಮ್ಮ. ಬೀಗರಿಗೆ ನಂಬಿಕೆಯಾಗಲಿಲ್ಲ. ಮತ್ತೊಮ್ಮೆ ಕೇಳಿಸಿದರು. ಅದೇ ಉತ್ತರ.

ನದಿ ದಿಕ್ಕು ಬದಲಿಸಿತು, ಬಂದರು ಹೂಳಿನಲ್ಲಿ ಮುಚ್ಚಿತು, ಜ್ವರ ಬಂತು, ಜನ ಒಬ್ಬೊಬ್ಬರೇ ಬಿಟ್ಟು ಹೋದರು ಎಂದು ಗೈಡಮ್ಮ ಊರು ಹಾಳಾದ ಕಥೆಯನ್ನು ಬಹಳ ಹೊತ್ತು ಹೇಳಿದರು. ಬೀಗರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, "ಅವರಿಗೆ ಹೇಳ್ರಿ ಬೀಗತೇರ, ಹೊಳೀ ಮ್ಯಾಲೆ ಸುಳ್ಳ ತಪ್ಪು ಹೊರಸಬ್ಯಾಡ್ರಿ ಅಂತ. ಮೆಣಸಿನಕಾಯಿ ಇಲ್ಲದ ಊರಾಗ ಯಾಂವ ಇರ್ತಾನ?" ಎಂದರು.

ಬೇಚರಾಕ್

ಆದರೆ ಆ ಕಥೆ ಅತ್ತೆಯ ಮನಸ್ಸಿಗೆ ತಾಗಿತ್ತು. ನಮ್ಮ ಕಡೆಯೂ ಇಂಥ ಊರುಗಳಿವೆ. ಜನ ಬಿಟ್ಟು ಹೋಗಿ, ಹೆಸರು ಮಾತ್ರ ಕಾಗದದಲ್ಲಿ ಉಳಿದ ಊರಿಗೆ ಬೇಚರಾಕ್ ಎನ್ನುತ್ತಾರೆ. ಜಮೀನಿನ ದಾವೆಗಳಲ್ಲಿ ನಾನು ಎಷ್ಟೋ ಸಲ ಟೈಪು ಮಾಡಿದ ಮಾತು ಅದು. ಊರು ಹಾಳಾದರೂ ದೇವರು ಅಲ್ಲೇ ಇರುತ್ತಾನೆ, ಬಿಟ್ಟು ಹೋದವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದು ಎಡೆ ಹಿಡಿದು ಹೋಗುತ್ತಾರೆ.

"ಇವರ ಕಡೆಯವರು ಯಾರೂ ಬರೂದಿಲ್ಲೇನು? ಒಬ್ಬರೂ?" ಎಂದು ಅತ್ತೆ ಕೇಳಿದರು.

ನೋಡಲು ಲಕ್ಷಗಟ್ಟಲೆ ಜನ ಬರುತ್ತಾರೆ, ಇವರ ಕಡೆಯವರು ಅಂತ ಯಾರೂ ಇಲ್ಲ ಎಂದರು ಗೈಡಮ್ಮ. ಅತ್ತೆ ಗೋರಿಗಳ ದಾರಿಯ ಕಡೆ ನೋಡಿದರು, ಮಾಡಿಲ್ಲದ ಮನೆಗಳ ಕಡೆ ನೋಡಿದರು. ಬಿಸಿಲು ಇಳಿಯುತ್ತಿತ್ತು. ಕಿಟಕಿಯ ರಂಧ್ರಗಳೆಲ್ಲ ನಮ್ಮನ್ನೇ ನೋಡುತ್ತಿವೆ ಎನ್ನಿಸಿತು.

"ಅಂದ್ರ ಇವರೆಲ್ಲಾ ಉಪಾಸ ಅದಾರ," ಎಂದರು ಅತ್ತೆ. "ನಾ ಒಬ್ಬರಿಗೆ ಅಂತ ಬುತ್ತಿ ತಂದೇನಿ. ಸಾಲೂದಿಲ್ಲ. ಇರಲಿ, ಇದ್ದದ್ದರಾಗ ಚೆಲ್ಲೂಣು. ಅವರನ್ನ ಕೇಳು, ಎಲ್ಲಿ ಚೆಲ್ಲಬೇಕು ಅಂತ."

ಯಜಮಾನರು ನನಗೆ ಕಣ್ಸನ್ನೆ ಮಾಡಿದರು. ಹಕ್ಕಿಗೆ ಕಾಳು ಹಾಕುತ್ತಾರೆ ಎಂದು ಏನಾದರೂ ಹೇಳು ಎಂಬ ಅರ್ಥ. ಸಾಕ್ಷಿ ಹೇಳಿದ್ದನ್ನು ತಿದ್ದುವ ಜಾಯಮಾನ ನನ್ನದಲ್ಲ. ತೀರಿಕೊಂಡ ನನ್ನ ಮಾವ ಉಣ್ಣಲು ಇಲ್ಲಿಗೆ ಬರುವವರಿದ್ದಾರೆ, ಅವರ ಜೊತೆ ನಿಮ್ಮ ಊರಿನ ಸತ್ತವರಿಗೂ ಊಟ ಹಾಕಬೇಕು ಎನ್ನುತ್ತಾರೆ ಎಂದು ಇದ್ದದ್ದು ಇದ್ದ ಹಾಗೇ ಇಂಗ್ಲಿಷು ಮಾಡಿದೆ.

ಗೈಡಮ್ಮ ನಗಲಿಲ್ಲ. ಅತ್ತೆಯ ಇಳಕಲ್ ಸೀರೆ, ಕೈಯಲ್ಲಿನ ಬುತ್ತಿ ಎರಡನ್ನೂ ನೋಡಿದರು. ನಮ್ಮಜ್ಜಿಯೂ ನವೆಂಬರಿನಲ್ಲಿ ಒಂದು ದಿನ ಸತ್ತವರಿಗೆಂದು ಮೇಜಿನ ಮೇಲೆ ರೊಟ್ಟಿ, ನೀರು ಇಡುತ್ತಿದ್ದರು ಎಂದರು. ದನಿ ಸಣ್ಣದಾಗಿತ್ತು. ಊರಿನ ಕೊನೆಯಲ್ಲಿ ಅಗೆಯದೆ ಬಿಟ್ಟ ಹುಲ್ಲುಬಯಲಿದೆ, ಗೋಡೆ ಕಲ್ಲು ಮುಟ್ಟಬೇಡಿ, ಬಾಗಿಲು ಹಾಕುವ ಗಂಟೆಯ ಒಳಗೆ ಮುಗಿಸಿ, ನಾನು ಕಾಫಿ ಕುಡಿಯಲು ಹೋಗುತ್ತೇನೆ, ಏನನ್ನೂ ನೋಡಿಲ್ಲ ಎಂದರು. ನಾಲ್ಕು ಹೆಜ್ಜೆ ಹೋದವರು ಮತ್ತೆ ತಿರುಗಿ ಬಂದರು.

"ಸತ್ತವರು ತಿನ್ನಲಿ," ಎಂದರು, "ಪ್ಲಾಸ್ಟಿಕ್ ಮಾತ್ರ ಬಿಡಬೇಡಿ ಅಂತ ಹೇಳಿ."

ಓ ಅಂದವರು

ಹುಲ್ಲುಬಯಲಿಗೆ ಬಂದೆವು. ಮೂರು ಕಡೆ ಮುರಿದ ಗೋಡೆಗಳು, ಅದರಾಚೆ ಕೊಡೆಯ ಹಾಗಿರುವ ಎತ್ತರದ ಮರಗಳು. ಟೂರಿನವರ ಮಾತು ಕೂಡ ಕೇಳಿಸುತ್ತಿರಲಿಲ್ಲ. ಅತ್ತೆ ಐದು ಅಡಿಕೆ ಇಟ್ಟು ಪಾಂಡವರು ಎಂದು ಕುಂಕುಮ ಹಚ್ಚಿದರು. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಖಾರದ ಹಿಂಡಿ ಚಟ್ನಿ ಎಲ್ಲವನ್ನೂ ಪುಡಿ ಮಾಡಿ ಕಲಸಿ ಉಡಿಯಲ್ಲಿ ತುಂಬಿಕೊಂಡರು. ನೀರಿನ ಬಾಟಲಿಯನ್ನು ಮಗನ ಕೈಗೆ ಕೊಟ್ಟು ಹೇಳಿದರು: "ದನಿ ತಗದು ಓ ಅನಬೇಕು ನೋಡು. ಹಿಂದಿನಿಂದ ಓ ಅನ್ನವರಿಲ್ಲದ ಚರಗ ಅವರಿಗೆ ಮುಟ್ಟೂದಿಲ್ಲ. ಇಷ್ಟು ದೂರ ಕರಕೊಂಡು ಬಂದೇನಿ, ಉಪಾಸ ಕಳಿಸಬ್ಯಾಡ."

ನನ್ನ ಯಜಮಾನರು ತರಗತಿಯಲ್ಲಿ ಒದರಿದರೆ ಹಾನಗಲ್ ರಸ್ತೆಯಲ್ಲಿ ಹೋಗುವ ಎಮ್ಮೆ ನಿಲ್ಲುತ್ತದೆ. ಆದರೆ ಸ್ವಲ್ಪ ದೂರದಲ್ಲಿ ಇಬ್ಬರು ವಿದೇಶಿ ಹೆಂಗಸರು ನಿಂತು ಫೋಟೋ ತೆಗೆಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಮುಖ ತಗ್ಗಿಸಿದರು.

ಅತ್ತೆ ಹೊರಟರು. ಒಂದು ಹಿಡಿ ಚೆಲ್ಲಿ ಕೂಗಿದರು: "ಹುಲ್ಲುಲ್ಲಿಗೋ!"

ಯಜಮಾನರು ನೀರು ಚಿಮುಕಿಸಿದರು, ಬಾಯಿ ತೆರೆದರು, ದನಿ ಬರಲಿಲ್ಲ. ನಾನು ಹಿಂದಿನಿಂದ ತಿವಿದೆ. ಅತ್ತೆ ನಿಂತು ಕಾಯುತ್ತಿದ್ದರು, ಹೊಳ್ಳಿ ನೋಡುವಂತಿಲ್ಲ. ನಾನಾದರೂ ಓ ಅನ್ನೋಣ ಎಂದು ಬಾಯಿ ತೆರೆದೆ.

ಎಡಗಡೆಯ ಗೋಡೆಯಾಚೆಯಿಂದ ಗಂಡು ದನಿಯೊಂದು ಕೂಗಿತು: "ಚಲ್ಲಂಬರಿಗೋ!"

ಬಾಟಲಿ ಯಜಮಾನರ ಕೈಯಿಂದ ಜಾರಿ ಬಿತ್ತು. ನಾನು ಮೊದಲು ಬೀಗರನ್ನು ನೋಡಿದೆ, ಒಮ್ಮೆ ಮೋಸ ಹೋದವಳಲ್ಲವೇ? ಬೀಗರು ನನ್ನ ಪಕ್ಕದಲ್ಲೇ ಇದ್ದರು, ನಾದಿನಿಯ ಸೆರಗಿನ ತುದಿ ಹಿಡಿದುಕೊಂಡು. ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ಅತ್ತೆ ಮಾತ್ರ ಏನೂ ಆಗದವರಂತೆ ಮುಂದೆ ನಡೆದು ಇನ್ನೊಂದು ಹಿಡಿ ಚೆಲ್ಲಿದರು.

"ಹುಲ್ಲುಲ್ಲಿಗೋ!"

ಈ ಸಲ ಉತ್ತರವಿಲ್ಲ. ಮರಗಳು ಕೂಡ ಅಲುಗಲಿಲ್ಲ. ಅಷ್ಟರಲ್ಲಿ ಗೋಡೆಯ ಸಂದಿಯಿಂದ ಒಬ್ಬ ಮನುಷ್ಯ ಎಡವುತ್ತ ಓಡಿ ಬಂದ. ಸ್ವೆಟರು, ಕಿವಿಗೆ ಮಫ್ಲರು, ಬೆವರಿನ ಮುಖ. ನಮ್ಮನ್ನು ಕಂಡವನೇ ನಿಂತು ಎದೆ ಹಿಡಿದುಕೊಂಡ.

"ನೀವೇನ್ರೀ ಒದರಿದ್ದು? ಜೀವಾ ಹೋಗಿತ್ರೀ ನಂದು! ನಾ ಗದಗ ಕಡೆಯಾಂವ್ರೀ. ಬ್ಯಾರೆ ಟೂರಿನ್ಯಾಗ ಬಂದೇನಿ. ಇಲ್ಲೆ ಗ್ವಾಡಿ ಮರೀಗೆ ಒಂದಕ್ಕ ಕುಂತಿದ್ದೆ. ಹುಲ್ಲುಲ್ಲಿಗೋ ಅಂದದ್ದ ತಡ, ಬಾಯಿ ತಾನ ಓ ಅಂದುಬಿಡ್ತು. ಆಮ್ಯಾಲೆ ತಿಳೀತು, ಈ ಸುಡಗಾಡ ಊರಾಗ ಹುಲ್ಲುಲ್ಲಿಗೋ ಅನ್ನಾವರು ಯಾರು ಅಂತ. ಪ್ಯಾಂಟಿನ ಚೈನ ಹಾಕ್ಕೊಳ್ಳದ ಓಡಿ ಬಂದೇನ್ರಿ!"

ನಗು ತಡೆಯಲಾಗಲಿಲ್ಲ. ಬೀಗರು ಹೊಟ್ಟೆ ಹಿಡಿದುಕೊಂಡರು. ನಾದಿನಿ ಅಳುತ್ತ ನಕ್ಕಳು. ನಮ್ಮನ್ನು ಭೂತ ಎಂದುಕೊಂಡು ಓಡಿದವನನ್ನು ನಾವು ಭೂತ ಎಂದುಕೊಂಡಿದ್ದೆವು. ಆತ ಆಚೆ ತಿರುಗಿ ಬಟ್ಟೆ ಸರಿ ಮಾಡಿಕೊಂಡು ಬಂದು ನಮ್ಮ ಸಾಲಿನಲ್ಲೇ ನಿಂತ. ಯಜಮಾನರು ಬಾಟಲಿ ಎತ್ತಿಕೊಂಡರು. ಅತ್ತೆಗೆ ಇದಾವುದೂ ಗೊತ್ತಿಲ್ಲ, ಬಯಲಿನ ತುದಿಗೆ ಹೋಗಿದ್ದರು. ಕೊನೆಯ ಹಿಡಿ ತೆಗೆದು, ಇದ್ದಷ್ಟು ಶಕ್ತಿ ಹಾಕಿ ಮೂರನೇ ಸಲ ಕೂಗಿದರು.

"ಹುಲ್ಲುಲ್ಲಿಗೋ!"

"ಚಲ್ಲಂಬರಿಗೋ..."

ಬಲಗಡೆಯಿಂದ ಬಂತು, ಗೋರಿಗಳ ದಾರಿಯ ಕಡೆಯಿಂದ. ಒಡೆದ, ವಯಸ್ಸಾದ ದನಿ. ಕೊನೆಯ ಅಕ್ಷರವನ್ನು ಬಹಳ ಹೊತ್ತು ಎಳೆದು, ಸಾಕಾದವರ ಹಾಗೆ ನಿಲ್ಲಿಸಿತು. ನಾನು ಒಬ್ಬೊಬ್ಬರ ಬಾಯಿ ನೋಡಿದೆ. ಯಜಮಾನರದು, ಬೀಗರದು, ನಾದಿನಿಯದು, ಗದಗಿನವನದು. ಎಲ್ಲರ ಬಾಯಿಯೂ ತೆರೆದೇ ಇತ್ತು, ಯಾವ ಬಾಯಿಂದಲೂ ದನಿ ಬಂದಿರಲಿಲ್ಲ. ಗದಗಿನವನು ಮೆಲ್ಲಗೆ, "ನಾ ಅಲ್ಲರೀ," ಎಂದ. ಅದನ್ನು ಅವನು ಹೇಳಬೇಕಾಗಿರಲಿಲ್ಲ.

ಬಾಗಿಲು ಹಾಕುವ ಗಂಟೆ ಹೊಡೆಯಿತು. ಅತ್ತೆ ಉಡಿ ಕೊಡವಿಕೊಂಡು ವಾಪಸ್ ಬಂದರು. ಹೊರಟ ದಿನದಿಂದ ಅವರ ಮುಖದಲ್ಲಿ ಅಷ್ಟು ಸಮಾಧಾನ ನಾನು ಕಂಡಿರಲಿಲ್ಲ. "ಬಂದ್ರು, ಉಂಡ್ರು," ಎಂದರು. ಯಜಮಾನರು ನನ್ನ ಕೈ ಒತ್ತಿದರು, ಯಾರೂ ಏನೂ ಹೇಳಬೇಡಿ ಎಂದು. ಆದರೆ ಗದಗಿನವನು ಸಾಚಾ ಮನುಷ್ಯ. ಮುದುಕಿಗೆ ಮೋಸವಾಗಬಾರದೆಂದು ಮುಂದೆ ಬಂದು ಅತ್ತೆಯ ಕಾಲು ಮುಟ್ಟಿಯೇ ಬಿಟ್ಟ.

"ಯಮ್ಮಾ, ತಪ್ಪ ತಿಳೀಬ್ಯಾಡ. ಮೊದಲ ಸಲ ಓ ಅಂದಾಂವ ನಾನು. ನಿಮ್ಮ ಮನಿಯವರಲ್ಲ."

ಅತ್ತೆ ಅವನ ತಲೆ ಸವರಿದರು.

"ಗೊತ್ತೈತಿ ಬಿಡಪ್ಪ. ನಲವತ್ತು ವರ್ಷ ಸಂಸಾರ ಮಾಡೇನಿ, ಮೂರು ಸಲ ಒದರೂ ಮಟಾ ಆ ಮನಿಶ್ಯಾ ಎಂದೂ ಓ ಅಂದಿಲ್ಲ. ಸತ್ತ ಮ್ಯಾಲೆ ಸುಧಾರಿಸ್ತಾರೇನು?"